ಕೊಂಬು ಕಳೆದುಕೊಂಡ ಕುರಿ

ಕೊಂಬು ಕಳೆದುಕೊಂಡ ಕುರಿ ಆನೆಯಾಯಿತು (2).

ಇದು ಪದಬಂಧದ ಒಂದು ಸುಳಿವು. ಕೊನೆಯಲ್ಲಿರುವ ಅಂಕಿ ಉತ್ತರಕ್ಕೆ ಎಷ್ಟು ಅಕ್ಷರ ಎಂದು ಹೇಳುತ್ತದೆ. ಓದಿದೊಡನೆ ಯಾವುದೋ ಜನಪದ ಕತೆಯ ಸಾಲಿನಂತೆ ಕೇಳುತ್ತದೆ. ಆದರೆ ಇಲ್ಲಿರುವ ಕುರಿ ಮೇಯುವ ಕುರಿಯಲ್ಲ, ‘ಕುರಿ’ ಎಂಬ ಎರಡಕ್ಷರದ ಪದ. ಅದರ ಮೊದಲಕ್ಷರಕ್ಕೆ ಅಂಟಿದ ಕೊಂಬನ್ನು, ಅಂದರೆ ಉಕಾರದ ಗುರುತನ್ನು ತೆಗೆದರೆ ಉಳಿಯುವುದು ‘ಕರಿ’. ಕರಿ ಎಂದರೆ ಆನೆ. ಹೊರಗೆ ಒಂದು ಕತೆ, ಒಳಗೆ ಒಂದು ಅಪ್ಪಣೆ, ಕೊನೆಗೆ ಉತ್ತರದ ಅರ್ಥ: ಮೂರೂ ಒಂದೇ ವಾಕ್ಯದಲ್ಲಿ ಕೂತಿವೆ. ಇಂಗ್ಲಿಷ್ ಪತ್ರಿಕೆಗಳ ಓದುಗರು ‘ಕ್ರಿಪ್ಟಿಕ್ ಕ್ರಾಸ್‌ವರ್ಡ್’ ಎಂದು ಬಲ್ಲ ಗೂಢ ಪದಬಂಧದ ಜೀವಾಳ ಇದೇ.

ಈ ಸುಳಿವನ್ನು ಬೇರೆ ಯಾವ ನುಡಿಯಿಂದಲೂ ಎರವಲು ತರಲಾಗದು. ಇಂಥದ್ದೊಂದು ಕನ್ನಡದಲ್ಲಿ ಸಾಧ್ಯ ಎಂಬುದು ಚಾಮರಾಜನಗರ ಮತ್ತು ಗುಂಡ್ಲುಪೇಟೆಯಲ್ಲಿ ಹಂಚಿಹೋಗಿರುವ ನಮ್ಮ ಪುಟ್ಟ ಗೆಳೆಯರ ಬಳಗಕ್ಕೆ ಹೊಳೆದ ಬಗೆಯನ್ನು ಇಲ್ಲಿ ಹೇಳುತ್ತೇನೆ. ಮೊದಲು ಹುಡುಕಿದ್ದು ದೂರದಲ್ಲಿ. ಸಿಕ್ಕಿದ್ದು ಒಂದನೆಯ ತರಗತಿಯ ಕೋಣೆಯಲ್ಲಿ.

ಪದಬಂಧ ಹುಟ್ಟಿದ ದಿನವೂ ಗೊತ್ತು, ಹೆತ್ತವರೂ ಗೊತ್ತು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆರ್ಥರ್ ವಿನ್ ಎಂಬ ಪತ್ರಕರ್ತ ವಜ್ರಾಕೃತಿಯಲ್ಲಿ ಮನೆಗಳನ್ನು ಬರೆದು ‘ವರ್ಡ್ ಕ್ರಾಸ್’ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದ. ಆತ ಇಂಗ್ಲೆಂಡಿನ ಲಿವರ್‌ಪೂಲಿನಿಂದ ವಲಸೆ ಹೋಗಿದ್ದವನು. ಅವನ ಸುಳಿವುಗಳು ನೇರ: ಅರ್ಥ ಕೊಟ್ಟರೆ ಪದ ಬರೆಯಬೇಕು, ಅಷ್ಟೆ. ಆಟಕ್ಕೆ ಗೂಢದ ತಿರುವು ಕೊಟ್ಟವರು ಮುಂದೆ ಇಂಗ್ಲೆಂಡಿನಲ್ಲಿದ್ದವರು. ಅನುವಾದಕ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ‘ಟಾರ್ಕ್ವೆಮಾಡಾ’ ಎಂಬ ಗುಪ್ತನಾಮದಲ್ಲಿ 1926ರಿಂದ 1939ರಲ್ಲಿ ತೀರಿಕೊಳ್ಳುವವರೆಗೂ ‘ಅಬ್ಸರ್ವರ್’ ಪತ್ರಿಕೆಗೆ ಪದಬಂಧ ರಚಿಸಿದ. ಟಾರ್ಕ್ವೆಮಾಡಾ ಸ್ಪೇನಿನಲ್ಲಿ ಧರ್ಮವಿಚಾರಣೆಯ ಹೆಸರಿನಲ್ಲಿ ಜನರನ್ನು ಗೋಳುಹೊಯ್ದುಕೊಂಡ ಅಧಿಕಾರಿ. ಪದಬಂಧ ಬಿಡಿಸುವವರಿಗೆ ಏನು ಕಾದಿದೆ ಎಂಬುದನ್ನು ಹೆಸರೇ ಸಾರುತ್ತಿತ್ತು.

ಮ್ಯಾಥರ್ಸ್‌ನ ಸುಳಿವುಗಳಲ್ಲಿ ಚಮತ್ಕಾರವಿತ್ತು, ನಿಯಮ ಕಡಿಮೆ. ನಿಯಮ ಕಟ್ಟಿದವರು ಆಮೇಲಿನವರು. ‘ಆಫ್ರಿಟ್’ ಎಂಬ ಹೆಸರಿನಲ್ಲಿ ಬರೆದ ಎ. ಎಫ್. ರಿಚಿ 1949ರಲ್ಲಿ ಹೊರತಂದ ಪುಸ್ತಕದಲ್ಲಿ ಒಂದು ಮೂಲಸೂತ್ರ ಇಟ್ಟ: ಸುಳಿವು ಕೊಡುವವನು ಹೇಳಿದಂತೆ ಕಾಣುವುದೇ ಅವನ ಮನಸ್ಸಿನಲ್ಲಿ ಇರಬೇಕಾಗಿಲ್ಲ. ಆದರೆ ಮನಸ್ಸಿನಲ್ಲಿ ಇರುವುದನ್ನು ಅವನು ತಪ್ಪದೆ ಹೇಳಿರಬೇಕು. ಮ್ಯಾಥರ್ಸ್‌ನ ಜಾಗಕ್ಕೆ ಬಂದ ಶಾಲಾ ಅಧ್ಯಾಪಕ ಡಿ. ಎಸ್. ಮ್ಯಾಕ್‌ನಟ್ ‘ಕ್ಸಿಮೆನೀಸ್’ ಎಂಬ ಹೆಸರಿನಲ್ಲಿ 1966ರಲ್ಲಿ ಈ ಕಲೆಯ ಮೇಲೆ ಇಡೀ ಪುಸ್ತಕವನ್ನೇ ಬರೆದ. ಉತ್ತರದ ಅರ್ಥ ಖಚಿತವಾಗಿರಬೇಕು, ಪದವನ್ನು ಕಟ್ಟುವ ದಾರಿ ನ್ಯಾಯವಾಗಿರಬೇಕು, ಅನಗತ್ಯವಾದ ಒಂದು ಪದವೂ ಇರಬಾರದು. ಮೋಸವಿಲ್ಲದ ಮರೆ ಎಂಬುದು ಅವರೆಲ್ಲ ಸೇರಿ ಮುಟ್ಟಿದ ನಿಲುವು.

ಕನ್ನಡದಲ್ಲಿ ಪದಬಂಧದ ಬೆಳೆ ಸಮೃದ್ಧವಾಗಿದೆ. ದಿನಪತ್ರಿಕೆ, ವಾರಪತ್ರಿಕೆಗಳಲ್ಲಿ ಅದಕ್ಕೊಂದು ಮೂಲೆ ಕಾಯಂ. ಕೋಲಾರ ಜಿಲ್ಲೆಯ ಅಬ್ಬಣಿಯ ಅ. ನಾ. ಪ್ರಹ್ಲಾದರಾವ್ ಸಾವಿರಾರು ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆ ಪುಸ್ತಕ ಸೇರಿದರು. ಆದರೆ ನಮ್ಮ ಪದಬಂಧಗಳಲ್ಲಿ ಹೆಚ್ಚಿನವು ವಿನ್ ತೋರಿದ ನೇರ ದಾರಿಯವು. ಇಂಗ್ಲಿಷಿನ ಗೂಢ ಸುಳಿವುಗಳ ರುಚಿ ಹತ್ತಿದ್ದ ನಮಗೆ ಆಸೆ ಹುಟ್ಟಿತು: ಅದೇ ಆಟ ಕನ್ನಡದಲ್ಲಿ ಏಕೆ ಇರಬಾರದು?

ಮೊದಲು ಮಾಡಿದ ಕೆಲಸ ನಕಲು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ದುಡಿಯುವ ತಂತ್ರ ಅಕ್ಷರಗಳ ಅದಲುಬದಲು. ಅಲ್ಲಿ ‘ಲಿಸನ್’ ಮತ್ತು ‘ಸೈಲೆಂಟ್’ ಎಂಬ ಎರಡು ಪದಗಳಿಗೂ ಆರೇ ಅಕ್ಷರ, ಅವೇ ಆರು ಅಕ್ಷರ. ಕನ್ನಡದಲ್ಲಿ ನವ–ವನ, ರಸ–ಸರ ಎಂದು ಎರಡಕ್ಷರದಲ್ಲಿ ಕೈ ಆಡಿಸಬಹುದು. ನಾಲ್ಕೈದು ಅಕ್ಷರಕ್ಕೆ ಹೋದರೆ ದಾರಿ ಮುಚ್ಚುತ್ತದೆ. ಕಾರಣ ಲಿಪಿಯಲ್ಲಿದೆ. ಇಂಗ್ಲಿಷಿನಲ್ಲಿ ಒಂದು ಮನೆಯಲ್ಲಿ ಕೂರಬಹುದಾದ ಅಕ್ಷರಗಳು 26. ಕನ್ನಡದಲ್ಲಿ ಒಂದು ಮನೆಯಲ್ಲಿ ಕೂರುವುದು ಗುಣಿತಾಕ್ಷರ. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ರೂಪ. ಒತ್ತಕ್ಷರ, ಸೊನ್ನೆ, ವಿಸರ್ಗಗಳ ಲೆಕ್ಕ ಇದರ ಮೇಲೆ. ಇಷ್ಟು ರೂಪಗಳಿರುವಾಗ ಒಂದು ಪದದ ಅಕ್ಷರಗಳನ್ನು ಕಲಕಿ ಇನ್ನೊಂದು ಪದ ಪಡೆಯುವುದು ಅಪರೂಪ. ಅಡ್ಡ ಸಾಲಿನ ‘ಗು’ವಿಗೆ ಮೇಲಿನಿಂದ ಇಳಿಯುವ ಸಾಲಿನಲ್ಲೂ ‘ಗು’ವೇ ಬೇಕು. ‘ಗ’ ಆಗದು, ‘ಗೂ’ ಆಗದು. ಕನ್ನಡದ ಲಿಪಿಯೇ ಈ ಆಟಕ್ಕೆ ಒಗ್ಗುವುದಿಲ್ಲವೇನೋ ಎಂದು ನಮ್ಮಲ್ಲಿ ಕೆಲವರು ಕೈಚೆಲ್ಲಿದರು.

ಸ್ವಲ್ಪ ಗೆಲುವು ಸಿಕ್ಕಿದ್ದು ಪದ ಒಡೆಯುವ ತಂತ್ರದಲ್ಲಿ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿ ಹಳೆಯ ಜೈನ ಕ್ಷೇತ್ರವಿದೆ. ‘ರಾಜಾವಳಿ ಕಥೆ’ ಬರೆದ ದೇವಚಂದ್ರನ ನೆಲೆ ಅದು. ಅದಕ್ಕೆ ಹೀಗೊಂದು ಸುಳಿವು ಹುಟ್ಟಿತು: ‘ಎತ್ತ ಕಡೆಯಿಂದ ನೋಡಿದರೂ ಚಿನ್ನವಾದ ಬೆಟ್ಟ, ಮಲೆಯೂರಿನ ಜಿನಕ್ಷೇತ್ರ (5)’. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಚಿನ್ನ ‘ಕನಕ’, ಬೆಟ್ಟ ‘ಗಿರಿ’. ಸೇರಿದರೆ ಕನಕಗಿರಿ. ಪದದೊಳಗೆ ಪದ ಅಡಗಿಸುವುದೂ ಒಲಿಯಿತು: ‘ಕೋಮಲೆಯ ಒಡಲಲ್ಲಿ ಮಾದಪ್ಪನ ನೆಲೆ (2)’. ‘ಕೋಮಲೆಯ’ ಎಂಬ ಪದದ ನಡುವೆ ‘ಮಲೆ’ ಕೂತಿದೆ. ಮಲೆ ಮಾದಪ್ಪ ಯಾರೆಂದು ನಮ್ಮ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇವು ಚೆನ್ನಾಗಿದ್ದವು. ಆದರೂ ಇವುಗಳ ಅಚ್ಚು ಇಂಗ್ಲಿಷಿನದೇ.

ಬಾಗಿಲು ತೆರೆದವರು ಗುಂಡ್ಲುಪೇಟೆ ಕಡೆಯ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ. ನಮಗೆಲ್ಲ ಅವರು ಅಕ್ಕ. ಅಕ್ಷರ ಕಲಕುವುದು ಸಾಧ್ಯವಿಲ್ಲ ಎಂದು ನಾವು ಗೊಣಗುತ್ತಿದ್ದಾಗ ಅವರು ಕೇಳಿದರು: “ನೀವು ಅಕ್ಷರನೇ ಯಾಕ ಎಳದಾಡ್ತಿದ್ದರಿ? ಅಕ್ಷರದ ಮೇಲ ಕೆಳಗ ಇರದ ಮುಟ್ಟಬಾರದ? ನಾ ಮಕ್ಕಳಿಗ ಮೊದಲು ಹೇಳ್ಕೊಡದೆ ಅದ. ಕ ಕೊಂಬು ಕು. ಕುರಿ ಕೊಂಬು ತಗದ್ರ ಕರಿ.”

ಎಲ್ಲರೂ ಒಂದು ಗಳಿಗೆ ಸುಮ್ಮನಾದೆವು. ಆಮೇಲೆ ಮಾತು ಉಕ್ಕಿತು. ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಒತ್ತು, ಸೊನ್ನೆ. ಕಾಗುಣಿತದ ಈ ಹೆಸರುಗಳನ್ನು ಒಂದನೆಯ ತರಗತಿಯಲ್ಲಿ ರಾಗವಾಗಿ ಒಪ್ಪಿಸಿ, ಆಮೇಲೆ ನಾವೆಲ್ಲ ಮರೆತುಬಿಟ್ಟಿದ್ದೆವು. ಇವುಗಳಲ್ಲಿ ಹೆಚ್ಚಿನವಕ್ಕೆ ದಿನನಿತ್ಯದ ಮಾತಿನಲ್ಲಿ ಬೇರೆ ಅರ್ಥವಿದೆ. ಕೊಂಬು ಪ್ರಾಣಿಗಿದೆ. ಇಳಿ ಎಂದರೆ ಕೆಳಗೆ ಬಾ. ಗುಡಿಸು ಎಂದರೆ ಕಸ ಹೊಡೆ. ಒತ್ತು ಎಂದರೆ ಅದುಮು. ಗೂಢ ಸುಳಿವಿಗೆ ಬೇಕಾದದ್ದು ಇದೇ: ಹೊರಗೊಂದು ಅರ್ಥ ಕೊಟ್ಟು ಒಳಗೊಂದು ಕೆಲಸ ಹೇಳುವ ಪದ. ಇಂಗ್ಲಿಷಿನ ಒಂದೊಂದು ಅಕ್ಷರ ಒಡೆಯಲಾಗದ ಬಿಡಿ ತುಣುಕು. ಕನ್ನಡದ ಗುಣಿತಾಕ್ಷರದೊಳಗೆ ಬಿಚ್ಚಿ ಜೋಡಿಸಬಹುದಾದ ಅಂಗಗಳಿವೆ, ಪ್ರತಿ ಅಂಗಕ್ಕೂ ಹೆಸರಿದೆ. ನಾವು ಅಡ್ಡಿ ಎಂದುಕೊಂಡಿದ್ದೇ ಆಸ್ತಿಯಾಗಿತ್ತು.

ಅಂದೇ ಕೂತಲ್ಲಿ ಹಲವು ಸುಳಿವು ಹುಟ್ಟಿದವು. ‘ಮರದ ತುದಿ ಗುಡಿಸಿದರೆ ಪುಟ್ಟ ಪ್ರಾಣಿ (2)’: ‘ಮರ’ದ ಕೊನೆಯ ಅಕ್ಷರಕ್ಕೆ ಗುಡಿಸು ಕೊಟ್ಟರೆ ‘ಮರಿ’. ‘ನಿಧಾನದ ಸೊನ್ನೆ ಅಳಿಸಿದರೆ ಆನೆಗೆ ಸೊಕ್ಕು (2)’: ನಿಧಾನ ಎಂದರೆ ‘ಮಂದ’, ಸೊನ್ನೆ ಹೋದರೆ ‘ಮದ’. ಎರಡನೆಯದರಲ್ಲಿ ಒಂದು ಮೆಟ್ಟಿಲು ಹೆಚ್ಚು. ಪದವನ್ನೂ ಹುಡುಕಬೇಕು, ಸೊನ್ನೆಯನ್ನೂ ಕಳೆಯಬೇಕು.

ಈ ಸಡಗರವನ್ನು ನಿವೃತ್ತ ಮೇಷ್ಟ್ರೊಬ್ಬರ ಮುಂದೆ ಹೇಳಿಕೊಂಡಾಗ ಅವರು ಬೆರಗಾಗಲಿಲ್ಲ. “ಇದಕ್ಕೆ ಹಿಂದಿನವರು ಹೆಸರಿಟ್ಟು ಹೋಗಿದ್ದಾರೆ, ಕಣ್ರಪ್ಪ. ಬಾಣನನ್ನು ತೆಗೆದು ನೋಡಿ,” ಎಂದರು.

ನೋಡಿದೆವು. 7ನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟ ‘ಕಾದಂಬರಿ’ಯ ಆರಂಭದಲ್ಲಿ ಶೂದ್ರಕ ರಾಜನ ವಿನೋದಗಳನ್ನು ಪಟ್ಟಿ ಮಾಡುತ್ತಾನೆ. ಅದರಲ್ಲಿ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿ, ಪ್ರಹೇಳಿಕೆ ಇವೆ. ಅಕ್ಷರಚ್ಯುತಕದಲ್ಲಿ ಒಂದು ಅಕ್ಷರ ಬಿದ್ದುಹೋದರೆ ಬೇರೆ ಅರ್ಥ. ಮಾತ್ರಾಚ್ಯುತಕದಲ್ಲಿ ಸ್ವರದ ಗುರುತು ಬಿದ್ದುಹೋದರೆ ಬೇರೆ ಅರ್ಥ. ನಮ್ಮ ಕುರಿ ಕೊಂಬು ಕಳೆದುಕೊಂಡದ್ದು ನೂರಕ್ಕೆ ನೂರು ಮಾತ್ರಾಚ್ಯುತಕ. ಬಿಂದುಮತಿ ಇನ್ನೂ ಸೋಜಿಗದ್ದು: ಪದ್ಯದ ಅಕ್ಷರಗಳ ಜಾಗದಲ್ಲಿ ಚುಕ್ಕಿಗಳನ್ನಿಟ್ಟು, ಸ್ವರದ ಗುರುತುಗಳನ್ನಷ್ಟೇ ಉಳಿಸಿ, ಇಡೀ ಪದ್ಯವನ್ನು ತುಂಬಿಸಿ ಎನ್ನುವ ಆಟ. ಖಾಲಿ ಮನೆ ತುಂಬುವ ಖುಷಿ ನ್ಯೂಯಾರ್ಕಿನ ಪುರವಣಿಗಿಂತ ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಆ ಕಾವ್ಯವನ್ನು ನಾಗವರ್ಮ ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದ.

ನಮ್ಮ ನೆಲಕ್ಕೆ ಇನ್ನೂ ಹತ್ತಿರದ ಸಾಕ್ಷಿ ಜಿನಸೇನಾಚಾರ್ಯರದು. ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರುಗಳಾದ ಅವರು 9ನೆಯ ಶತಮಾನದಲ್ಲಿ ಬರೆದ ಸಂಸ್ಕೃತ ‘ಆದಿಪುರಾಣ’ದಲ್ಲಿ, ಆದಿನಾಥನನ್ನು ಗರ್ಭದಲ್ಲಿ ಹೊತ್ತ ಮರುದೇವಿಯ ಮನಸ್ಸಿಗೆ ಉಲ್ಲಾಸ ಕೊಡಲು ದೇವಕನ್ಯೆಯರು ಒಗಟು ಕೇಳುತ್ತಾರೆ. ಅಲ್ಲಿ ಬಿಂದುಚ್ಯುತಕವೂ ಬರುತ್ತದೆ, ಅಂದರೆ ಸೊನ್ನೆ ಕಳೆಯುವುದು. ‘ಮಂದ’ದಿಂದ ‘ಮದ’ ಪಡೆದ ನಮ್ಮ ಯುಕ್ತಿಗೆ ಕನ್ನಡ ನಾಡಿನಲ್ಲೇ ಹನ್ನೊಂದು ಶತಮಾನಗಳ ಪೂರ್ವಜರಿದ್ದರು. ಕನಕಗಿರಿಯನ್ನು ಒಡೆದು ಸುಳಿವು ಕಟ್ಟಿದ್ದಕ್ಕೂ ಅಲಂಕಾರಶಾಸ್ತ್ರದಲ್ಲಿ ಹೆಸರಿದೆ: ಪದವನ್ನು ಮುರಿದಾಗ ಬೇರೆ ಅರ್ಥ ಹೊರಡುವುದು ಸಭಂಗ ಶ್ಲೇಷ. ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು ಆಟಕ್ಕಿಂತ ಎತ್ತರದ ಉದ್ದೇಶದವು. ಆದರೂ ಮರೆಯ ಹಿಂದೆ ಅರ್ಥವನ್ನಿಟ್ಟು ಕೇಳುಗನನ್ನು ಹುಡುಕಲು ಹಚ್ಚುವ ಶಿಸ್ತು ಅವುಗಳಲ್ಲೂ ಇದೆ.

ಆಮೇಲೆ ಎದ್ದ ದೊಡ್ಡ ಚರ್ಚೆ ನಮ್ಮೂರಿನ ಮಾತಿನದು. ಇಂಗ್ಲಿಷಿನ ಗೂಢ ಪದಬಂಧದಲ್ಲಿ ಪೂರ್ವ ಲಂಡನ್ನಿನವರ ಮಾತಿಗೆ ಒಂದು ಜಾಗವಿದೆ. ಅವರು ಪದದ ಮೊದಲ ಹಕಾರವನ್ನು ನುಡಿಯುವುದಿಲ್ಲ. ಸುಳಿವಿನಲ್ಲಿ ಆ ಸೀಮೆಯ ಹೆಸರು ಬಂದರೆ ಹಕಾರ ಬಿಡಿ ಎಂದರ್ಥ. ನಮ್ಮ ಹಳ್ಳಿಗಳಲ್ಲೂ ಹಾಲು ‘ಆಲು’, ಹುಲಿ ‘ಉಲಿ’. ಅದಕ್ಕಿಂತ ವಿಶೇಷವಾದದ್ದು ಚಾಮರಾಜನಗರ, ನಂಜನಗೂಡು ಕಡೆಯ ಮಾತಿನ ಗುರುತು: ಪದದ ಕೊನೆಯ ಎಕಾರ ಇಲ್ಲಿ ಅಕಾರವಾಗುತ್ತದೆ. ಮನೆ ‘ಮನ’, ಕತೆ ‘ಕತ’, ಮನೆಗೆ ಹೋಗೋಣ ಎಂಬುದು ‘ಮನಗ ಹೋಗನ’. ಭಾಷಾವಿಜ್ಞಾನಿ ಯು. ಪಿ. ಉಪಾಧ್ಯಾಯರು 1976ರಲ್ಲಿ ಪ್ರಕಟಿಸಿದ ಉಪಭಾಷೆಗಳ ತೌಲನಿಕ ಅಧ್ಯಯನಕ್ಕೆ ಬಳ್ಳಾರಿ, ಗುಲ್ಬರ್ಗಾ, ಕುಮಟಾ ಜೊತೆಗೆ ಆರಿಸಿಕೊಂಡದ್ದು ನಂಜನಗೂಡನ್ನೇ. ಈ ಮಾತಿನ ಕಸುವನ್ನು ನಾಡಿಗೆಲ್ಲ ತೋರಿಸಿಕೊಟ್ಟದ್ದು 1984ರಲ್ಲಿ ಬಂದ ದೇವನೂರ ಮಹಾದೇವರ ‘ಕುಸುಮಬಾಲೆ’. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದಕ್ಕೂ ಬಹಳ ಹಿಂದೆ ಕುಡುಕ ರತ್ನನ ಬಾಯಿಗೆ ಆಡುಮಾತನ್ನೇ ಕೊಟ್ಟು ಕನ್ನಡ ಕಾವ್ಯಕ್ಕೆ ಹೊಸ ನಾಲಗೆ ತಂದ ಜಿ. ಪಿ. ರಾಜರತ್ನಂ ಹೆಸರಿನ ಮೊದಲೆರಡು ಅಕ್ಷರಗಳು ‘ಗುಂಡ್ಲು ಪಂಡಿತ’. ಅವರ ಮನೆತನದ ಬೇರು ಗುಂಡ್ಲುಪೇಟೆಯದು.

ಈ ನುಡಿಗುಣ ಸುಳಿವಿಗೆ ಹೇಗೆ ಒದಗುತ್ತದೆ ನೋಡಿ. ‘ಚಾಮರಾಜನಗರದವರ ಮನೆಯೇ ಅಂತರಂಗ (2)’: ಉತ್ತರ ‘ಮನ’. ‘ಕಾಡಂಚಿನವರ ಬಾಯಲ್ಲಿ ಹುಲಿಯ ದನಿ (2)’: ಉತ್ತರ ‘ಉಲಿ’, ಹಳಗನ್ನಡದಿಂದಲೂ ದನಿ ಎಂಬ ಅರ್ಥದಲ್ಲಿರುವ ಪದ. ‘ಹಳ್ಳಿಯ ನಾಲಗೆಗೆ ಹುಳಿ, ಬಡಗಿಯ ಕೈಗೆ ಸಲಕರಣೆ (2)’: ಉತ್ತರ ‘ಉಳಿ’.

ಹುಮ್ಮಸ್ಸಿನಲ್ಲಿ ಒಬ್ಬರು ಇನ್ನೊಂದು ಹೊಸೆದರು: ‘ಗುಂಡ್ಲುಪೇಟೆಯವರ ಪೇಟೆ ತಲೆಯ ಮೇಲೆ (2)’. ಪೇಟೆಯ ಕೊನೆಯ ಎಕಾರ ಅಕಾರವಾದರೆ ‘ಪೇಟ’, ತಲೆಗೆ ಸುತ್ತುವ ರುಮಾಲು. ಎಲ್ಲರೂ ಮೆಚ್ಚಿಕೊಂಡಾಗ ಅಕ್ಕ ಮಾತ್ರ ತಲೆಯಾಡಿಸಿದರು. “ನಾವು ಪೇಟ ಅನ್ನಲ್ಲ ಕನಪ್ಪ, ಪ್ಯಾಟ ಅಂತೀವಿ.” ಸುಳಿವು ಅಲ್ಲಿಗೇ ಬಿತ್ತು. ಜನ ಹೇಗೆ ನುಡಿಯುತ್ತಾರೋ ಹಾಗೆಯೇ ಇರಬೇಕು, ನಮ್ಮ ಅನುಕೂಲಕ್ಕೆ ಅವರ ಬಾಯಿಗೆ ಪದ ತುರುಕಬಾರದು ಎಂಬುದು ಅಂದಿನಿಂದ ನಮ್ಮ ಕಟ್ಟಳೆ. ಅಕ್ಕ ಮತ್ತೊಂದು ಶರತ್ತು ಹಾಕಿದರು. ‘ತಪ್ಪಾಗಿ ನುಡಿದರೆ’, ‘ಒರಟಾಗಿ ಹೇಳಿದರೆ’ ಎಂದು ಸುಳಿವಿನಲ್ಲಿ ಬರೆಯಕೂಡದು. ಊರಿನ ಹೆಸರು ಹೇಳಿ, ಬಾಯಿ ಎನ್ನಿ, ನಾಲಗೆ ಎನ್ನಿ. ‘ಮನ’ ಎಂಬುದು ‘ಮನೆ’ಯ ಕೆಟ್ಟ ರೂಪವಲ್ಲ. ಅದು ಇಲ್ಲಿಯ ರೂಪ. ಈ ಮಾತಿಗೆ ನಮ್ಮಲ್ಲಿ ಯಾರೂ ಎದುರಾಡಲಿಲ್ಲ.

ಎದುರಾಡಿದ್ದು ಊರಿನ ಹೆಸರಿನ ವಿಷಯದಲ್ಲಿ. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಚಾಮರಾಜನಗರಕ್ಕೆ ಈಗಿನ ಹೆಸರಿಟ್ಟರು. ಅಲ್ಲಿ ಅವರು ಕಟ್ಟಿಸಿದ ಚಾಮರಾಜೇಶ್ವರ ದೇಗುಲ 1826ರಲ್ಲಿ ಮುಗಿಯಿತು. ಊರಿನ ಹಳೆಯ ಹೆಸರು ಅರಿಕುಠಾರ. ಅರಿ ಎಂದರೆ ಶತ್ರು, ಕುಠಾರ ಎಂದರೆ ಕೊಡಲಿ: ‘ಹಗೆಗೆ ಕೊಡಲಿಯಾದ ಹಳೆಯ ಚಾಮರಾಜನಗರ (5)’. ಇಷ್ಟು ತಾನಾಗಿ ಒಡೆಯುವ ಊರಿನ ಹೆಸರು ಸಿಗುವುದು ಕಷ್ಟ. ಆದರೆ ಬಳಕೆಯಲ್ಲಿ ‘ಅರಿಕೊಠಾರ’ ಎಂಬ ರೂಪವೂ ಇದೆ. 

ಆ ರೂಪದವರ ವಾದವನ್ನೂ ತಳ್ಳಿಹಾಕುವಂತಿರಲಿಲ್ಲ. ಕೊಯ್ದ ಪೈರಿನ ಹಿಡಿಗೂ ಕನ್ನಡದಲ್ಲಿ ‘ಅರಿ’ ಎನ್ನುತ್ತಾರೆ. ಕೊಠಾರ ಎಂದರೆ ಉಗ್ರಾಣ. ಹಾಗಾದರೆ ಸುಳಿವು ‘ಕೊಯ್ದ ಪೈರಿಗೆ ಉಗ್ರಾಣವಾದ ಹಳೆಯ ಊರು (5)’ ಎಂದಾಗುತ್ತದೆ. ಒಂದು ಒತ್ವ ಬಂದು ಕೊಂಬು ಹೋದದ್ದಕ್ಕೆ ರಣರಂಗ ಕಣಜವಾಯಿತು. ಯಾವುದು ಊರಿನ ನಿಜವಾದ ಹುಟ್ಟುಗತೆ ಎಂಬುದು ಶಾಸನ ಓದುವವರ ಕೆಲಸ. ಸುಳಿವು ಕಟ್ಟುವವರ ಹೊಣೆ ಬೇರೆ: ಅಡ್ಡ ಸಾಲು, ಕೆಳಸಾಲು ಕೂಡುವ ಮೂರನೆಯ ಮನೆಯಲ್ಲಿ ‘ಕು’ ಬೇಕೋ ‘ಕೊ’ ಬೇಕೋ ಎಂಬುದು ಬಿಡಿಸುವವರಿಗೆ ಅನುಮಾನಕ್ಕೆ ಎಡೆಯಿಲ್ಲದಂತೆ ತಿಳಿಯಬೇಕು. ಎರಡೂ ಸುಳಿವನ್ನು ಉಳಿಸಿಕೊಂಡೆವು. ಒಂದೇ ಪದಬಂಧದಲ್ಲಿ ಎರಡನ್ನೂ ಬಳಸುವುದಿಲ್ಲ.

ಹೀಗೆ ವಾದಿಸುತ್ತ ವಾದಿಸುತ್ತ ನಿಯಮಗಳು ಗಟ್ಟಿಯಾದವು. ಸೊನ್ನೆಗೆ ಪ್ರತ್ಯೇಕ ಮನೆ ಇಲ್ಲ. ‘ಗುಂ’ ಒಂದೇ ಮನೆ, ‘ಡ್ಲು’ ಒಂದೇ ಮನೆ, ಆದ್ದರಿಂದ ಗುಂಡ್ಲುಪೇಟೆಗೆ ನಾಲ್ಕು. ಲಕಾರ ಳಕಾರಗಳನ್ನು ಒಂದರ ಬದಲು ಇನ್ನೊಂದು ಇಡುವಂತಿಲ್ಲ. ಕತೆ, ಕಥೆ ಎರಡೂ ಸರಿ. ಆದರೆ ಸುಳಿವು ಯಾವುದನ್ನು ಕೇಳುತ್ತಿದೆ ಎಂಬುದು ಕಟ್ಟಿದ ರೀತಿಯಿಂದಲೇ ಗೊತ್ತಾಗಬೇಕು. ಬಸ್ಸು, ಪೆನ್ನು, ಮೊಬೈಲು ಕನ್ನಡಿಗರ ಬಾಯಲ್ಲಿ ಪಳಗಿವೆ, ಅವಕ್ಕೆ ಪ್ರವೇಶವಿದೆ. ಜಗಳ ಹರಿಯದಿದ್ದಾಗ ಪಂಚಾಯ್ತಿಗೆ ನಿಘಂಟುಗಳಿವೆ: 1894ರ ಕಿಟೆಲ್ ಕೋಶ, ಎಂಟು ಸಂಪುಟಗಳ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು. ಆ ಮಹಾಕಾರ್ಯಕ್ಕೆ ಹೆಗಲು ಕೊಟ್ಟ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂಶಯಗಳನ್ನು ವರ್ಷಗಟ್ಟಲೆ ಬಗೆಹರಿಸಿದರು. ಅವರು ಹುಟ್ಟಿದ್ದು 1913ರ ಆಗಸ್ಟ್ 23ರಂದು, ವಿನ್‌ನ ಪದಬಂಧಕ್ಕಿಂತ ನಾಲ್ಕು ತಿಂಗಳು ಮೊದಲು. 107 ವರ್ಷ ತುಂಬಿ ಬಾಳಿದರು. ಪದದ ಬಗ್ಗೆ ಕೇಳುವುದು ದೊಡ್ಡ ಕೆಲಸ, ಉತ್ತರವನ್ನು ತಾಳ್ಮೆಯಿಂದ ಹುಡುಕುವುದು ಇನ್ನೂ ದೊಡ್ಡ ಕೆಲಸ ಎಂಬುದನ್ನು ಒಂದು ತಲೆಮಾರಿಗೆ ಅವರು ಕಲಿಸಿದರು. ನಮ್ಮ ಬಳಗದ ಜಗಳಗಳಿಗೆ ಒಂದು ಮರ್ಯಾದೆ ಇದ್ದರೆ ಅದು ಆ ಪಾಠದಿಂದ ಬಂದದ್ದು.

ನಾವು ಕಂಡುಕೊಂಡದ್ದು ಇಷ್ಟು: ಕನ್ನಡದ ಗೂಢ ಪದಬಂಧಕ್ಕೆ ಬೇಕಾದ ಸಾಮಾನು ಹೊರಗಿನಿಂದ ಬರಬೇಕಾಗಿಲ್ಲ. ನ್ಯಾಯದ ನಿಯಮವನ್ನು ಆಫ್ರಿಟ್‌ನಿಂದ, ಮ್ಯಾಕ್‌ನಟ್‌ನಿಂದ ಕಲಿಯೋಣ, ಅದು ಕಲಿಯತಕ್ಕದ್ದೇ. ಆದರೆ ಕೈಗೆ ಹಿಡಿಯುವ ಉಪಕರಣ ಕಾಗುಣಿತದಲ್ಲಿದೆ, ಜಿನಸೇನರ ಬಿಂದುಚ್ಯುತಕದಲ್ಲಿದೆ, ಊರೂರಿನ ಬಾಯಲ್ಲಿದೆ. ಚಾಮರಾಜನಗರದ ಅಕಾರದಂತೆ ಧಾರವಾಡಕ್ಕೆ ಅದರದ್ದೇ ವರಸೆಯಿದೆ, ಮಂಗಳೂರಿಗೆ, ಕಲಬುರ್ಗಿಗೆ, ಕಾಸರಗೋಡಿಗೆ ಅವುಗಳದ್ದೇ ಇವೆ. ಅಲ್ಲಿಯವರು ತಮ್ಮ ಮಾತನ್ನು ಕಿವಿಗೊಟ್ಟು ಕೇಳಿ ಸುಳಿವು ಕಟ್ಟಿದರೆ ಕನ್ನಡದ ಪದಬಂಧ ಎಷ್ಟು ಬಣ್ಣ ತಳೆಯಬಹುದು ಎಂದು ನೆನೆದರೇ ಹಿಗ್ಗಾಗುತ್ತದೆ. ಮಕ್ಕಳಿಗೂ ಇದು ಒಗ್ಗುವ ಆಟ. ಕೊಂಬು ತೆಗೆದರೆ ಅರ್ಥವೇ ಬದಲಾಗುತ್ತದೆ ಎಂದು ಆಟದಲ್ಲಿ ಕಂಡ ಮಗುವಿಗೆ ಕಾಗುಣಿತ ಯಾಕೆ ಮುಖ್ಯ ಎಂದು ಬೆತ್ತ ಹಿಡಿದು ಹೇಳಬೇಕಾಗಿಲ್ಲ.

ಶುರುಮಾಡಲು ಒಂದು ಕಾಗದ ಸಾಕು. ಯಾವುದಾದರೂ ಎರಡಕ್ಷರದ ಪದ ಬರೆಯಿರಿ, ಒಂದು ಗುರುತು ತೆಗೆಯಿರಿ ಅಥವಾ ಸೇರಿಸಿ, ಹೊಸ ಪದ ಸಿಕ್ಕಿತೇ ನೋಡಿ. ಸಿಕ್ಕರೆ ಎರಡನ್ನೂ ಕೂಡಿಸುವ ಒಂದು ವಾಕ್ಯ ಕಟ್ಟಿ. ಅದಕ್ಕೂ ಮೊದಲು ನಮ್ಮ ಬಳಗದ ಇನ್ನೊಂದು ಸುಳಿವನ್ನು ಉತ್ತರವಿಲ್ಲದೆ ನಿಮ್ಮ ಕೈಗೆ ಕೊಡುತ್ತೇನೆ. ಬಿಡಿಸಲು ಬೇಕಾದದ್ದೆಲ್ಲ ಮೇಲೆಯೇ ಇದೆ:

ಬಹಳ ಎನಿಸಿದರೆ ಮೊದಲೇ ಇಳಿ, ಬಂಡೀಪುರದಲ್ಲಿ ಸುತ್ತಲೂ ಅದೇ (2).